ಅತ್ತಿಗೆಗೆ, ಮತ್ತೆ ಬಂದವರೆಲ್ಲರಿಗೂ

ಮಗಳ ಎಂಟನೇ ಹುಟ್ಟುಹಬ್ಬ ಮುಗಿದು ನಾಲ್ಕು ದಿನ ಆಯ್ತು. ಎಲ್ಲರಿಗೂ ಫೋನ್ ಮಾಡಿ ಥ್ಯಾಂಕ್ಸ್ ಹೇಳಬೇಕು ಅಂದುಕೊಂಡೆ, ಆದರೆ ಮಾತು ಶುರು ಮಾಡಿದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಇದೇ ದಿನ ನಾವು ಎಲ್ಲಿದ್ದೆವು, ಹೇಗಿದ್ದೆವು ಅನ್ನೋದು ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಆಗ ಅವಳ ಹಾಸಿಗೆ ಪಕ್ಕದ ಕಿಟಕಿಯಲ್ಲಿ ಚಂದ್ರ ಕಾಣುತ್ತಿದ್ದ. ಅವನು ದಿನದಿನಕ್ಕೆ ಕರಗೋದು, ಮತ್ತೆ ತುಂಬಿಕೊಳ್ಳೋದು ನೋಡ್ತಾ ನೋಡ್ತಾ ಒಂದು ರಾತ್ರಿ ಕೇಳಿದಳು, "ಅಮ್ಮಾ, ಮುಂದಿನ ಬರ್ತ್‌ಡೇಗೆ ಗ್ರಹಗಳನ್ನೆಲ್ಲಾ ಮನೆಗೆ ಕರೆಯೋಣ್ವಾ?" ಹೂಂ ಅಂದಿದ್ದೆ. ಎಂಟು ವರ್ಷಕ್ಕೆ ಎಂಟು ಗ್ರಹ. ಥೀಮ್ ಹುಟ್ಟಿದ್ದು ಅಲ್ಲಿ.

ಕರೆಯೋಲೆ ಬರೆದುಕೊಟ್ಟ ಅಣ್ಣ, ಕಪ್ಪು ಬಟ್ಟೆ ಕೊಟ್ಟ ಪಕ್ಕದ ಮನೆಯವರು, ಮಕ್ಕಳಿಗೆ ಆಟ ಆಡಿಸಿದ ಗೆಳತಿಯರು, ಅಡುಗೆ ನೋಡಿಕೊಂಡ ಚಿಕ್ಕಮ್ಮ, ನಿಮಗೆಲ್ಲ ತುಂಬಾ ತುಂಬಾ ಥ್ಯಾಂಕ್ಸ್.

ಇನ್ನು ಅತ್ತಿಗೆ.

ಹಿಂದಿನ ದಿನ ಸಂಜೆ ಪಾರ್ಟಿ ಹಾಲ್‌ನವರು ಫೋನ್ ಮಾಡಿ, ನಾಳೆ ಆಗಲ್ಲ ಅಂದುಬಿಟ್ಟರು. 24 ಮಕ್ಕಳಿಗೆ ಆಗಲೇ ಹೇಳಿಯಾಗಿತ್ತು. ನನಗೆ ಕೈಕಾಲೇ ಆಡಲಿಲ್ಲ. ಅತ್ತಿಗೆ ಎಂಟು ಗಂಟೆಗೆ ಬಂದರು, ನಡುಮನೆ ಮಧ್ಯೆ ನಿಂತು ಒಂದು ಸುತ್ತು ನೋಡಿದರು, "ಸೋಫಾ ಹೊರಗೆ ಹಾಕೋಣ, ಇಲ್ಲೇ ಮಾಡೋಣ" ಅಂದರು. ಅಷ್ಟೇ.

ನಾವು ಗ್ರಹಗಳನ್ನು ಅಳತೆಗೆ ಸರಿಯಾಗಿ ಮಾಡಿದ್ದೆವು, ಅದು ಮಗಳ ಹಟ. ಭೂಮಿ 4 ಸೆಂಟಿಮೀಟರ್ ಇದ್ದರೆ ಗುರು ಸುಮಾರು 45. ಅದೇ ಲೆಕ್ಕಕ್ಕೆ ಸೂರ್ಯ 4 ಮೀಟರ್ ದಾಟುತ್ತಾನೆ. ದೊಡ್ಡ ಹಾಲ್‌ಗೆ ಅಂತ ಹೊಲಿಸಿದ್ದ ಆ ಹಳದಿ ಬಟ್ಟೆ ನಮ್ಮ ಗೋಡೆಗೆ ಹಿಡಿಸಲಿಲ್ಲ. ಕತ್ತರಿಸೋಣ ಅಂದೆ. ಅತ್ತಿಗೆ ಬಿಡಲಿಲ್ಲ. ಮೂಲೆಯಲ್ಲಿ ಕಾಲು ಭಾಗ ಮಾತ್ರ ಕಾಣೋ ಹಾಗೆ ಮಡಚಿ ಪಿನ್ ಹಾಕಿದರು. ಸೂರ್ಯ ಗೋಡೆಯಾಚೆಯಿಂದ ಇಣುಕಿದ ಹಾಗಿತ್ತು.

ರಾತ್ರಿ ಒಂದೂವರೆ ಇರಬೇಕು. ದೊಡ್ಡ ಬಲೂನ್ ಮೇಲೆ ಪೇಪರ್ ಅಂಟಿಸಿ ಮಾಡಿದ್ದ ಗುರುವಿನ ಕೊನೆಯ ಪದರ ಇನ್ನೂ ಹಸಿ. ಬೇಗ ಒಣಗಲಿ ಅಂತ ಹೇರ್ ಡ್ರೈಯರ್ ಹಿಡಿದೆ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಬಲೂನ್ ಒಡೆಯಿತು, ಗುರುವಿನ ಒಂದು ಪಕ್ಕ ಒಳಕ್ಕೆ ಕುಸಿಯಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅಳೋಕೆ ಶುರು ಮಾಡಿದೆ. ಇಡೀ ವರ್ಷ ಮಗಳ ಮುಂದೆ ತಡೆದುಕೊಂಡಿದ್ದೆಲ್ಲ ಒಟ್ಟಿಗೇ ಬಂತು. ಹೋದ ವರ್ಷ ಒಂದು ರಾತ್ರಿ, ಇವಳು ನಮಗೆ ಉಳಿಯಲ್ಲ ಅಂತ ನನಗೆ ಅನ್ನಿಸಿಬಿಟ್ಟಿತ್ತು. ಯಾರಿಗೂ ಹೇಳಿರಲಿಲ್ಲ, ಇವರಿಗೂ ಹೇಳಿರಲಿಲ್ಲ. ಅತ್ತಿಗೆಗೆ ಹೇಳಿದೆ.

ಅವರು ಅಳಬೇಡ ಅನ್ನಲಿಲ್ಲ. ಅಂಟು ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಸುಮಾರು ಹೊತ್ತಾದ ಮೇಲೆ, "ನನಗೂ ಅನ್ನಿಸಿತ್ತು ಕಣೇ" ಅಂದರು.

ಆಮೇಲೆ ಎದ್ದು, ಗುರುವಿನ ತಲೆಯ ತೂತಿನಿಂದ ಇನ್ನೊಂದು ಬಲೂನ್ ಇಳಿಸಿ, ಮೆಲ್ಲಗೆ ಊದಿದರು. ಕುಸಿದ ಪಕ್ಕ ಒಂದೊಂದೇ ಮಡಿಕೆ ಬಿಟ್ಟುಕೊಂಡು ಎದ್ದಿತು. ಮನೆಗೆ ಹೋಗಿ ಟೇಬಲ್ ಫ್ಯಾನ್ ತಂದು ಅದರ ಮುಂದಿಟ್ಟರು. ಬೆಳಗಾಗುವವರೆಗೂ ಮಲಗಲಿಲ್ಲ.

ಮಾರನೇ ದಿನ ಮಕ್ಕಳು ಬರುವವರೆಗೂ ದೀಪಗಳನ್ನೆಲ್ಲಾ ಹಾಕಿಯೇ ಇಟ್ಟಿದ್ದೂ ಅವರೇ. ಹೊಳೆಯುವ ನಕ್ಷತ್ರದ ಸ್ಟಿಕ್ಕರ್‌ಗಳು ಮೊದಲು ಚೆನ್ನಾಗಿ ಬೆಳಕು ಹೀರಿಕೊಂಡಿರಬೇಕು, ಆಗಲೇ ಕತ್ತಲಲ್ಲಿ ಹೊಳೆಯೋದು. ಎಲ್ಲರೂ ಒಳಗೆ ಬಂದ ಮೇಲೆ ಒಂದೇ ಸಲ ಆರಿಸಿದರು. ಅಷ್ಟೊಂದು ಮಕ್ಕಳು, ಒಂದು ಸದ್ದಿಲ್ಲ. ಮಗಳು ನನ್ನ ಕೈ ಜಗ್ಗಿ, "ಅಮ್ಮಾ, ಎಲ್ಲಾ ಬಂದ್ವಲ್ಲ" ಅಂದಳು. ಅಷ್ಟರಲ್ಲಿ ಒಬ್ಬ ಹುಡುಗ ಪ್ಲೂಟೊ ಎಲ್ಲಿ ಅಂತ ಕೇಳಿದ. 2006ರಲ್ಲೇ ಅದನ್ನು ಗ್ರಹಗಳ ಪಟ್ಟಿಯಿಂದ ತೆಗೆದಿದ್ದಾರೆ ಅಂತ ಹೇಳಹೊರಟೆ. ಅತ್ತಿಗೆ ತಮ್ಮ ಸರದ ಒಂದು ಸಣ್ಣ ಮಣಿ ಬಿಚ್ಚಿ ಅವನ ಕೈಗೆ ಕೊಟ್ಟರು. ಅಳತೆಗೂ ಅದು ಸರಿಯಾಗೇ ಇತ್ತು.

ಅತ್ತಿಗೆ, ಎಲ್ಲಾ ಇಳಿಸಿದ್ದೇವೆ, ಗುರುವನ್ನು ಮಾತ್ರ ಇಳಿಸೋಕೆ ಅವಳು ಬಿಡ್ತಿಲ್ಲ. ನಿಮ್ಮ ಫ್ಯಾನ್, ಕತ್ತರಿ ಎರಡೂ ಇಲ್ಲೇ ಇವೆ. ಭಾನುವಾರ ಅವಳನ್ನೂ ಕರೆದುಕೊಂಡು ತಂದುಕೊಡ್ತೀನಿ.