ಅಳತೆಯಿಲ್ಲದೆ ಬದಲಾಗುವ ಸಿಲೆಬಸ್

ಮಾನ್ಯರೇ,

ರಾಜ್ಯದ ಪದವಿ ತರಗತಿಗಳಿಗೆ 2021ರಲ್ಲಿ ನಾಲ್ಕು ವರ್ಷದ ಚೌಕಟ್ಟು ಬಂತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಬಿ.ಎಸ್ಸಿ. ಸಿಲೆಬಸ್ಸೂ ಜೊತೆಗೇ ಅತ್ತಿತ್ತ ಓಡಾಡಿತು. ಹಳೆಯದರಲ್ಲಿ ವಿದ್ಯಾರ್ಥಿಗೆ ಏನು ದಕ್ಕಿತು, ಎಲ್ಲಿ ಎಡವಿದ ಎಂಬ ಲೆಕ್ಕ ಮಾತ್ರ ಅಧ್ಯಯನ ಮಂಡಳಿಯ ಮೇಜಿಗೆ ಬರುವುದು ಅಪರೂಪ. ಆ ಲೆಕ್ಕ ಹಿಡಿಯಬಲ್ಲವರು ಪಾಠ ಮಾಡುವ ಅಧ್ಯಾಪಕರೇ.

ಭೌತವಿಜ್ಞಾನದಲ್ಲಿ ಇದಕ್ಕೆ ಸಲಕರಣೆ ಸಿದ್ಧವಿದೆ. ಅಮೆರಿಕದ ಅರಿಜೋನಾದಲ್ಲಿ ಡೇವಿಡ್ ಹೆಸ್ಟೀನ್ಸ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ‘ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ’ ಎಂಬ, ಬಲದ ಪರಿಕಲ್ಪನೆ ಎಷ್ಟು ಅರ್ಥವಾಗಿದೆಯೆಂದು ಅಳೆಯುವ ಪರೀಕ್ಷೆಯಲ್ಲಿ ಈಗ 30 ಬಹುಆಯ್ಕೆ ಪ್ರಶ್ನೆಗಳಿವೆ, ಸೂತ್ರ ಹಾಕಿ ಬಿಡಿಸುವ ಲೆಕ್ಕ ಒಂದೂ ಇಲ್ಲ. ಮೇಲಕ್ಕೆ ಎಸೆದ ಚೆಂಡು ಕೈಬಿಟ್ಟ ಮೇಲೆ ಅದರ ಮೇಲಿರುವ ಬಲ ಯಾವುದು? ಗಾಳಿಯ ತಡೆ ಬಿಟ್ಟರೆ ಗುರುತ್ವ ಒಂದೇ. ಆದರೆ ‘ಕೈ ಕೊಟ್ಟ ಬಲ ಮೇಲ್ಮುಖವಾಗಿದ್ದು ಮೆಲ್ಲಗೆ ಕುಗ್ಗುತ್ತದೆ’ ಎಂದು ಗುರುತು ಹಾಕುವವರು ಬಹಳ. ಅದೇ ಚೆಂಡು ಎಷ್ಟು ಎತ್ತರಕ್ಕೆ ಹೋಗುತ್ತದೆಂದು ಕೇಳಿ, ಸಮೀಕರಣ ಹಾಕಿ ತಪ್ಪಿಲ್ಲದೆ ಹೇಳುತ್ತಾರೆ. ನಮ್ಮ ಸೆಮಿಸ್ಟರ್ ಪರೀಕ್ಷೆಗೆ ಈ ಬಿರುಕು ಕಾಣುವುದೇ ಇಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಮೊದಲ ವಾರ ಅರ್ಧ ಗಂಟೆ, ಕೊನೆಯ ವಾರ ಅರ್ಧ ಗಂಟೆ, ಅದೇ ಪ್ರಶ್ನೆಪತ್ರಿಕೆ. ತರಗತಿಯ ಸರಾಸರಿ ಶೇ 30ರಿಂದ ಶೇ 51ಕ್ಕೆ ಏರಿದರೆ, ಕಲಿಯಲು ಬಾಕಿಯಿದ್ದ 70ರಲ್ಲಿ 21 ದಕ್ಕಿತು, ಗಳಿಕೆ 0.3. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಇಂಥ ಪರೀಕ್ಷೆಯ ಅಂಕ ಸೇರಿಸಿ ನೋಡಿದಾಗ ಬರೀ ಉಪನ್ಯಾಸದ ತರಗತಿಗಳ ಸರಾಸರಿ ಗಳಿಕೆ 0.23, ವಿದ್ಯಾರ್ಥಿಗಳನ್ನು ಚರ್ಚೆಗೆ ಹಚ್ಚಿದ ತರಗತಿಗಳದು 0.48 ಇತ್ತು. ಚರ್ಚೆಗೆ ದುಬಾರಿ ಯಂತ್ರವೂ ಬೇಡ: ಎ, ಬಿ, ಸಿ, ಡಿ ಎಂದು ನಾಲ್ಕು ಬಣ್ಣದ ರಟ್ಟು ಸಾಕು. ಪ್ರಶ್ನೆ ಹಾಕಿ, ಎಲ್ಲರೂ ಒಟ್ಟಿಗೆ ರಟ್ಟು ಎತ್ತಲಿ. ಸರಿಯುತ್ತರ ಶೇ 30ರಿಂದ 70ರ ನಡುವೆ ಇದ್ದರೆ ಪಕ್ಕದವರೊಡನೆ ಎರಡು ಮೂರು ನಿಮಿಷ ವಾದಿಸಲು ಬಿಟ್ಟು ಮತ್ತೆ ಎತ್ತಿಸಿ. ಅದಕ್ಕಿಂತ ಕಡಿಮೆಯಿದ್ದರೆ ಪಾಠವನ್ನೇ ಇನ್ನೊಮ್ಮೆ ಮಾಡಬೇಕು.

ಕೆಡುವುದು ಸಣ್ಣ ವಿಷಯಗಳಲ್ಲಿ. ಈ ಪರೀಕ್ಷೆಗೆ ಆಂತರಿಕ ಅಂಕ ಸೇರಿಸಿದಿರೋ, ಪ್ರಶ್ನೆಗಳು ಅಂದೇ ವಾಟ್ಸ್‌ಆ್ಯಪ್‌ನಲ್ಲಿ. ಹಾಗಾಗಿ ಅಂಕ ಬೇಡ, ಪತ್ರಿಕೆಗಳನ್ನು ಎಣಿಸಿ ವಾಪಸ್ ಪಡೆಯಬೇಕು. ಸೆಮಿಸ್ಟರ್ ಕೊನೆಗೆ ಹಾಜರಾತಿ ಕುಸಿದು ಚುರುಕಿನವರಷ್ಟೇ ಉಳಿದರೆ ಗಳಿಕೆ ಸುಮ್ಮನೆ ಉಬ್ಬುತ್ತದೆ. ಎರಡೂ ಸಲ ಬರೆದವರನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಕನ್ನಡ ಮಾಧ್ಯಮದಿಂದ ಬಂದವರು ತಪ್ಪುವುದು ಭೌತವಿಜ್ಞಾನದಲ್ಲೋ ಇಂಗ್ಲಿಷ್ ವಾಕ್ಯದಲ್ಲೋ ತಿಳಿಯಲು, ಏಳೆಂಟು ಮಂದಿಯನ್ನು ಕೂರಿಸಿಕೊಂಡು ‘ಇದನ್ನೇ ಏಕೆ ಆರಿಸಿದೆ?’ ಎಂದು ಕನ್ನಡದಲ್ಲೇ ಕೇಳಬೇಕು. ಅಂಕಪಟ್ಟಿಗಿಂತ ಹೆಚ್ಚು ಹೊಳೆಯುವುದು ಇಲ್ಲೇ.

ಇದನ್ನು ಸಂಶೋಧನೆಯೆಂದು ಒಪ್ಪಿ ವಾರಕ್ಕೆ ಎರಡು ಗಂಟೆಯ ಕಾರ್ಯಭಾರವನ್ನಾದರೂ ವಿಶ್ವವಿದ್ಯಾಲಯಗಳು ಕೊಡಲಿ. ಅತಿಥಿ ಉಪನ್ಯಾಸಕರನ್ನು ಹೊರಗಿಟ್ಟರೆ ಅರ್ಧ ತರಗತಿಗಳೇ ಲೆಕ್ಕ ತಪ್ಪುತ್ತವೆ. ಅವರಿಗೆ ಈ ಗಂಟೆಗಳ ಗೌರವಧನ ಸಿಗಬೇಕು. ಮತ್ತೆ ಸಿಲೆಬಸ್ ತಿದ್ದುವ ಸಭೆ ಕರೆದಾಗ ಕನಿಷ್ಠ ಎರಡು ಸೆಮಿಸ್ಟರ್‌ಗಳ ಇಂಥ ಅಂಕಗಳು ಕಾರ್ಯಸೂಚಿಗೆ ಲಗತ್ತಾಗಿರಲಿ.

– ಪದವಿ ಕಾಲೇಜು ಭೌತವಿಜ್ಞಾನ ಅಧ್ಯಾಪಕರು, ಶಿವಮೊಗ್ಗ