ಅಡ್ವಾನ್ಸ್ ಪುಸ್ತಕದಲ್ಲಿ ಕ್ಯಾನ್ಸರ್ ಖರ್ಚು

ಮಾನ್ಯ ಸಂಪಾದಕರೇ,

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು 19 ವರ್ಷದಿಂದ ರೈಟರ್. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಬರೆಯುವುದು, ಶನಿವಾರ ಬಟವಾಡೆ ಮಾಡುವುದು, ಆಳುಗಳಿಗೆ ಕೊಟ್ಟ ಮುಂಗಡದ ಲೆಕ್ಕಕ್ಕೆ ಅಡ್ವಾನ್ಸ್ ಪುಸ್ತಕ ಇಡುವುದು ನನ್ನ ಕೆಲಸ. ಆಳುಗಳಿಗೆ ಕ್ಯಾನ್ಸರ್ ಬಂದರೆ ತೋಟ ಮುಳುಗಿತು ಅಂತ ಬೆಳೆಗಾರರು ಹೇಳುವುದನ್ನು ಆಗಾಗ ಕೇಳುತ್ತೇನೆ. ಆಗೆಲ್ಲ ನನಗೆ ಆ ಪುಸ್ತಕದ ಒಂದು ಪುಟ ನೆನಪಾಗುತ್ತದೆ. ದುಡ್ಡು ಎಲ್ಲಿ ಹೋಯಿತು ಅಂತ ಆ ಪುಟದಲ್ಲಿ ನನ್ನ ಕೈಬರಹದಲ್ಲೇ ಇದೆ.

ಆಳುಗಳು ಇರುವ ಲೈನ್ ಮನೆಯ ಹೆಂಗಸು, ವಯಸ್ಸು 44. ಕೆನ್ನೆ ಒಳಗೆ ಹುಣ್ಣು. ಎಲೆ ಅಡಿಕೆ, ಹೊಗೆಸೊಪ್ಪು ಚಿಕ್ಕಂದಿನಿಂದ ಅಭ್ಯಾಸ. ಮೊದಲ ಸಾಲು 500 ರೂಪಾಯಿ, ಪೇಟೆ ಡಾಕ್ಟರಿಗೆ. ಹದಿನೈದು ದಿನ ಬಿಟ್ಟು 800, ಹಲ್ಲು ಚುಚ್ಚುತ್ತಿದೆ ಅಂತ ಕೀಳಿಸಲು. ಆಮೇಲೆ 3,000. ಆಮೇಲೆ 12,000, ಸ್ಕ್ಯಾನಿಂಗ್. ಬೇರೆ ಊರಿನ ನರ್ಸಿಂಗ್ ಹೋಮಿನವರು ಆ ಸ್ಕ್ಯಾನ್ ನೋಡಲೇ ಇಲ್ಲ, ಹೊಸದಾಗಿ ಮಾಡಿಸಿ ಅಂದರು. ಮತ್ತೆ 8,500. ಹೀಗೆ ಎಂಟು ತಿಂಗಳಲ್ಲಿ 1,16,000 ರೂಪಾಯಿ. ಅಷ್ಟು ದಿನವೂ ಒಂದು ಚೂರು ಮಾಂಸ ತೆಗೆದು ಬಯಾಪ್ಸಿಗೆ ಯಾರೂ ಕಳಿಸಿರಲಿಲ್ಲ. ಕೊನೆಗೆ ಕಳಿಸಿದಾಗ ಕ್ಯಾನ್ಸರ್ ಅಂತ ಬಂತು, ಕತ್ತಿನ ಗಂಟಿಗೂ ಇಳಿದಿತ್ತು.

ತಮಾಷೆ ನೋಡಿ. ಅಲ್ಲಿಂದ ಮುಂದೆ ಆಪರೇಷನ್‌ಗಾಗಲಿ, ಆರು ವಾರದ ರೇಡಿಯೇಷನ್‌ಗಾಗಲಿ ತೋಟದಿಂದ ಒಂದು ರೂಪಾಯಿಯೂ ಹೋಗಲಿಲ್ಲ. ಆಕೆಯ ಹತ್ತಿರ ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೂ ಪ್ಯಾಕೇಜಿನ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿಂದ ರೆಫರಲ್ ಚೀಟಿ ತರಬೇಕು. ಇದು ಕ್ಯಾಶ್‌ಲೆಸ್ ಯೋಜನೆ. ನಾವಾಗಿಯೇ ಹೋಗಿ ಕೈಯಿಂದ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಆ 1,16,000 ಪೂರ್ತಿ ದಾರಿ ತಪ್ಪಿದ್ದಕ್ಕೆ ಕೊಟ್ಟ ದುಡ್ಡು. ನನಗೂ ಗೊತ್ತಿರಲಿಲ್ಲ, ಸಾಹುಕಾರರಿಗೂ ಗೊತ್ತಿರಲಿಲ್ಲ. ಕೇಳಿದಾಗೆಲ್ಲ ಇಲ್ಲ ಅನ್ನದೆ ಕೊಟ್ಟರು ಪಾಪ. ಕೊಡುವ ಮುಂಚೆ ಯಾರಾದರೂ ತಿಳಿದವರನ್ನು ಕೇಳಬೇಕಿತ್ತು.

ಸಾಹುಕಾರರ ಮಗ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾರೆ. ಅಮೆರಿಕದ ದೊಡ್ಡ ಕಂಪನಿಗಳಿಗೆ ಈಗ ಕ್ಯಾನ್ಸರ್ ಖರ್ಚೇ ದೊಡ್ಡ ತಲೆನೋವಂತೆ. ಅದಕ್ಕೆ ವಾಲ್‌ಮಾರ್ಟ್‌ನಂಥವರು ನೌಕರರ ಕಾಗದಪತ್ರಗಳನ್ನು ಮೇಯೋ ಕ್ಲಿನಿಕ್‌ನಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುವ ಏರ್ಪಾಡು ಮಾಡಿದ್ದಾರೆ ಅಂತ ಅವರು ಹೇಳಿದರು. ಮೊದಲೇ ಸರಿಯಾದ ಕಡೆ ಹೋದರೆ ಬೇಡದ ಆಪರೇಷನ್, ಬೇಡದ ಔಷಧಿ ತಪ್ಪುತ್ತದೆ ಅನ್ನುವುದು ಲೆಕ್ಕ. ಮೂಡಿಗೆರೆಯಲ್ಲಿ ಕೂತು ಮೇಯೋ ಕ್ಲಿನಿಕ್ ಮಾತು ಯಾಕೆ ಅಂತ ನಾನು ನಕ್ಕೆ. ಆದರೆ ಮುಂದಿನ ವರ್ಷವೇ ನಮ್ಮ ಜೀಪ್ ಡ್ರೈವರ್ ಹೆಂಡತಿಗೆ ಎದೆಯಲ್ಲಿ ಗಂಟು ಸಿಕ್ಕಿತು. ಆಗ ಆ ಮಾತೇ ಕೆಲಸಕ್ಕೆ ಬಂತು.

ತೋಟದ ಸ್ಟಾಫಿಗೆ ಸಾಹುಕಾರರು 3 ಲಕ್ಷದ ಗ್ರೂಪ್ ಪಾಲಿಸಿ ಮಾಡಿಸಿದ್ದಾರೆ. ಅದರಲ್ಲಿ ರೂಮ್ ಬಾಡಿಗೆಗೆ ಶೇ 1 ಮಿತಿ, ಅಂದರೆ ದಿನಕ್ಕೆ 3,000. ಆಪರೇಷನ್ ಆದಾಗ ಡ್ರೈವರ್ 6,000ದ ರೂಮ್ ಹಿಡಿದಿದ್ದ. ಹೆಚ್ಚಿನ ಬಾಡಿಗೆ ಮಾತ್ರ ನಾವು ಕಟ್ಟಿದರಾಯಿತು ಅಂದುಕೊಂಡಿದ್ದೆವು. ಹಾಗಲ್ಲ. ಡಾಕ್ಟರ್ ಫೀಸು, ಥಿಯೇಟರ್ ಚಾರ್ಜು ಎಲ್ಲದರಲ್ಲೂ ಅದೇ ಲೆಕ್ಕದಲ್ಲಿ ಅರ್ಧ ಕತ್ತರಿಸಿದರು. ಪಾಲಿಸಿ ಕಾಗದದ ಹನ್ನೊಂದನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು, ಓದಿದವರು ಯಾರು? ಈ ಪತ್ರ ನೋಡುವ ಬೆಳೆಗಾರರು, ಸಣ್ಣ ಕಾರ್ಖಾನೆಯವರು ರಿನ್ಯೂವಲ್‌ಗೆ ಮುಂಚೆ ಅದೊಂದು ಸಾಲು ಹುಡುಕಿ ಓದಿ. ಕ್ಲೇಮ್ ಆದ ಮುಂದಿನ ವರ್ಷ ಪ್ರೀಮಿಯಂ ಏರಿತು, ಅದು ಬೇರೆ. ಸೆಪ್ಟೆಂಬರ್ 2025ರಿಂದ ಒಬ್ಬೊಬ್ಬರು ಮಾಡಿಸುವ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದರು, ಮಾಲೀಕರು ಮಾಡಿಸುವ ಗ್ರೂಪ್ ಪಾಲಿಸಿಗೆ ಮಾತ್ರ ಶೇ 18 ಹಾಗೇ ಇದೆ. ಇದು ಯಾವ ನ್ಯಾಯವೋ.

ಡ್ರೈವರ್ ಹೆಂಡತಿಯ ವಿಷಯದಲ್ಲಿ ನಾವು ಇನ್ನೊಂದು ಕೆಲಸ ಮಾಡಿದೆವು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಮತ್ತು ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ತಜ್ಞರ ಅಭಿಪ್ರಾಯವನ್ನು ಬರಹದಲ್ಲಿ ತರಿಸಿಕೊಡುವ ನವ್ಯ ಅನ್ನುವ ಆನ್‌ಲೈನ್ ಸೇವೆ ಇದೆ. ಸಾಹುಕಾರರ ಮಗ ರಿಪೋರ್ಟ್‌ಗಳನ್ನೆಲ್ಲ ಫೋನಿನಲ್ಲಿ ಫೋಟೊ ಹಿಡಿದು ಅದಕ್ಕೆ ಹಾಕಿದರು. ಇಲ್ಲಿ 25 ರೇಡಿಯೇಷನ್ ಅಂದಿದ್ದರು. ಈಕೆಗೆ 15 ಸಾಕು ಅಂತ ಉತ್ತರ ಬಂತು. ಅದನ್ನು ತೋರಿಸಿದಾಗ ನಮ್ಮ ಡಾಕ್ಟರೂ ಒಪ್ಪಿದರು, ಬೇಸರ ಮಾಡಿಕೊಳ್ಳಲಿಲ್ಲ. ವಾರಕ್ಕೆ ಐದು ದಿನದ ಲೆಕ್ಕದಲ್ಲಿ ಐದು ವಾರ ಇದ್ದದ್ದು ಮೂರು ವಾರ ಆಯಿತು. ಎರಡು ವಾರದ ಲಾಡ್ಜ್ ಬಾಡಿಗೆ, ಊಟ, ಡ್ರೈವರ್ ರಜ ಎಲ್ಲ ಉಳಿಯಿತು. ಬೆಂಗಳೂರಿಗೆ ಹೋಗುವವರು ಇನ್ನೆರಡು ವಿಷಯ ತಿಳಿದಿರಲಿ. ಅಲ್ಲಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆ ಇದೆ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವವರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯವರು ಫಾರಂಗೆ ಸಹಿ ಹಾಕಿಕೊಟ್ಟರೆ ಆಯಿತು. ಕೀಮೋಗೆ ಪ್ರತಿ ಸಲ ಅಷ್ಟು ದೂರ ಹೋಗಬೇಕಾ ಅಂತಲೂ ಕೇಳಿ ನೋಡಿ. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಶುರು ಮಾಡಿದೆ.

ಇಷ್ಟೆಲ್ಲ ಆದ ಮೇಲೆ ಹೋದ ವರ್ಷ ಮಳೆಗಾಲದಲ್ಲಿ ಒಂದು ಭಾನುವಾರ ಲೈನ್ ಹತ್ತಿರವೇ ತಪಾಸಣೆ ಇಟ್ಟೆವು. ಅದಕ್ಕೆ ಯಾವ ಖಾಸಗಿ ಪ್ಯಾಕೇಜೂ ಬೇಕಾಗಲಿಲ್ಲ. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು ಈ ಮೂರು ಕ್ಯಾನ್ಸರ್ ತಪಾಸಣೆ ಮಾಡುವುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್, ಸಿಸ್ಟರ್, ಆಶಾ ಮೂವರೂ ಬಂದರು. ತೋಟದ ಸ್ಟೋರ್ ಖಾಲಿ ಮಾಡಿ, ಗೋಣಿ ಚೀಲ ಹೊಲಿದು ಪರದೆ ಕಟ್ಟಿದೆವು. ಗರ್ಭಕೊರಳಿನ ಪರೀಕ್ಷೆಗೆ ವಿನೆಗರ್ ಥರದ ದ್ರಾವಣ ಹಚ್ಚಿ ನೋಡುತ್ತಾರೆ. ಸಿಸ್ಟರ್ ಅದನ್ನು ವಿವರಿಸುವಾಗ ಒಬ್ಬಳು, ‘ಗೋಬಿ ಮಂಚೂರಿಗೆ ಹಾಕ್ತಾರಲ್ಲಕ್ಕಾ, ಅದಾ?’ ಅಂದಳು. ಎಲ್ಲರೂ ನಕ್ಕರು. ಆ ನಗುವಿನಲ್ಲೇ ನಾಚಿಕೆ ಹೋಯಿತು, ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋದರು. ಗಂಡಸರನ್ನು ಬಾಯಿ ತೆಗೆಸುವುದೇ ಕಷ್ಟವಾಯಿತು. ಮೇಸ್ತ್ರಿ ಗುಟ್ಕಾ ಉಗಿದು ಬರುತ್ತೇನೆ ಅಂತ ಹೋದವನು ಸಂಜೆವರೆಗೂ ಪತ್ತೆ ಇಲ್ಲ.

ಒಟ್ಟು 37 ಜನ. ಅರ್ಧ ದಿನದ ಕೂಲಿ, ಊಟ, ಜೀಪಿನ ಡೀಸೆಲ್ ಸೇರಿ 14,200 ರೂಪಾಯಿ ಅಂತ ಬರೆದಿದ್ದೇನೆ. ಒಬ್ಬಳ ನಾಲಿಗೆ ಪಕ್ಕ ಬಿಳಿ ಮಚ್ಚೆ ಸಿಕ್ಕಿತು. ಜಿಲ್ಲಾ ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿದರು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಆಗಬಹುದು ಅಂತ ಕತ್ತರಿಸಿ ತೆಗೆದರು. ಅವಳಿಗೆ ನಾಲ್ಕು ದಿನ ಹಾಜರಿ ತಪ್ಪಿತು. ಐದನೇ ದಿನ ಚಿಗುರು ತೆಗೆಯಲು ಬಂದಿದ್ದಳು.

ಮೊದಲು ಹೇಳಿದ ಆ 44ರ ಹೆಂಗಸು ಬದುಕಿದ್ದಾಳೆ. ಎರಡು ಬೆರಳು ಹಿಡಿಯುವಷ್ಟೂ ಬಾಯಿ ತೆರೆಯಲು ಆಗುವುದಿಲ್ಲ. ಗಂಜಿ, ಕಲಸಿದ ಅನ್ನ ಅಷ್ಟೇ. ಮರಗಸಿ ಅಂದರೆ ನೆರಳು ಮರದ ಕೊಂಬೆ ಕಡಿಯುವ ಕೆಲಸ, ಗೊಬ್ಬರ ಹೊರುವುದು ಆಗದು, ಹಣ್ಣು ತೂಗುವಲ್ಲಿ ಕೂರಿಸಿದ್ದೇವೆ. ಅಡ್ವಾನ್ಸಿಗೆ ವಾರಕ್ಕೆ 200 ಹಿಡಿ ಅಂತ ತಾನಾಗಿಯೇ ಹೇಳುತ್ತಾಳೆ. ಸಾಹುಕಾರರು ಬೇಡ ಅಂದಿದ್ದಾರೆ.

ನವೆಂಬರ್ 2025ರಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ, 40 ದಾಟಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಅಂತ ಕೇಂದ್ರ ಸರ್ಕಾರ ಹೇಳಿತು. ಒಳ್ಳೆಯದೇ. ಆದರೆ ಬಿಪಿ, ಶುಗರ್ ನೋಡಿ ಸುಮ್ನೆ ಸಹಿ ಹಾಕಿ ಕಳಿಸಿದರೆ ಏನು ಬಂತು? ಟಾರ್ಚ್ ಹಿಡಿದು ಬಾಯಿ ನೋಡಲು ಎರಡು ನಿಮಿಷ ಸಾಕು. ನಮ್ಮ ಬೆಳೆಗಾರರ ಸಂಘಗಳು ಗೊಬ್ಬರದ ದರ, ಆನೆ ಕಾಟ ಅಂತ ಸಭೆ ಸೇರುತ್ತವೆ. ಅದೂ ಬೇಕು. ಹೋಬಳಿಗೆ ಒಬ್ಬರಂತೆ ಒಬ್ಬ ಸಿಸ್ಟರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲಿ. ಯಾವ ಹುಣ್ಣಿಗೆ ಎಲ್ಲಿಗೆ ಹೋಗಬೇಕು, ರೆಫರಲ್ ಎಲ್ಲಿ ಸಿಗುತ್ತದೆ, ಯಾವ ಕಾಗದ ಬೇಕು ಅಂತ ಹೇಳುವ ಒಂದು ಫೋನ್ ನಂಬರ್ ಇರಲಿ. ಇಪ್ಪತ್ತು ತೋಟ ಹಂಚಿಕೊಂಡರೆ ಒಂದೊಂದು ತೋಟಕ್ಕೆ ತಿಂಗಳಿಗೆ ಬೀಳುವುದು ಒಂದು ಆಳಿನ ಕೆಲವು ದಿನದ ಕೂಲಿ ಅಷ್ಟೇ ಅಲ್ವಾ?

ನಮ್ಮಲ್ಲಿ ಮುಂದಿನ ತಪಾಸಣೆ ಕೊಯ್ಲು ಶುರುವಾಗುವ ಮುಂಚೆಯೇ ಮುಗಿಸಬೇಕು ಅಂತ ಇದ್ದೇನೆ. ಕೊಯ್ಲಿನಲ್ಲಿ ಯಾರೂ ಬರುವುದಿಲ್ಲ, ನಿಜ ಹೇಳಬೇಕೆಂದರೆ ನಾನೇ ಬಿಡುವುದಿಲ್ಲ. ಮೇಸ್ತ್ರಿಯನ್ನು ಈ ಸಲ ಮೊದಲು ಕೂರಿಸುತ್ತೇನೆ.

ಒಬ್ಬ ತೋಟದ ರೈಟರ್, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ