ಫಾರ್ಮಲಿನ್, ಮೇಣ, ಬ್ಲೇಡು: ಟೆಂಡರಿನಲ್ಲಿ ದರದ ಜೊತೆ ಗುಣವೂ ಇರಲಿ

ಮಾನ್ಯರೇ,

ಬಯಾಪ್ಸಿ ವರದಿ ವಾರವಾದರೂ ಏಕೆ ಬಂದಿಲ್ಲ ಎಂದು ರೋಗಿಯ ಕಡೆಯವರು ಪ್ರಯೋಗಾಲಯದ ಕಿಟಕಿಗೆ ಬಂದು ಕೇಳುತ್ತಾರೆ. ದೇಹದಿಂದ ತೆಗೆದ ತುಣುಕನ್ನು ಫಾರ್ಮಲಿನ್ ದ್ರಾವಣದಲ್ಲಿ ಕೊಳೆಯದಂತೆ ಗಟ್ಟಿಮಾಡಿ, ನೀರು ತೆಗೆದು, ಮೇಣ ತುಂಬಿ, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿದ ಮೇಲೆಯೇ ವೈದ್ಯರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಲಕ್ಷಾಂತರ ರೂಪಾಯಿಯ ಯಂತ್ರ ಒಳಗಿದ್ದರೂ ಕೆಲಸ ಕೆಡುವುದು ಬಹಳ ಸಲ ಬಾಟಲಿ, ಉಪ್ಪು, ಬ್ಲೇಡು, ಮೇಣಗಳಂಥ ಸಾಮಾನಿನಿಂದ. ಇವುಗಳ ಹೆಸರಷ್ಟೇ ಬರೆದು, ಕಡಿಮೆ ದರ ಹಾಕಿದವರಿಂದ ತರಿಸುವ ರೂಢಿ ನಿಲ್ಲಬೇಕು.

ಇಂಡೆಂಟಿನಲ್ಲಿ (ಬೇಡಿಕೆ ಪಟ್ಟಿಯಲ್ಲಿ) ‘ಫಾರ್ಮಲಿನ್’ ಎಂದಷ್ಟೇ ಬರೆದರೆ ಬರುವುದು ಶೇ 37ರಿಂದ 40ರಷ್ಟು ಫಾರ್ಮಾಲ್ಡಿಹೈಡ್ ಇರುವ ಕ್ಯಾನು. ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದ್ದೇ ಶೇ 10ರ ಫಾರ್ಮಲಿನ್. ಬರೀ ನೀರು ಬೆರೆಸಿಟ್ಟರೆ ದಿನ ಕಳೆದಂತೆ ಅದರಲ್ಲಿ ಫಾರ್ಮಿಕ್ ಆಮ್ಲ ಹುಟ್ಟುತ್ತದೆ. ರಕ್ತ ಹೆಚ್ಚಿರುವ ತುಣುಕಿನ ಹೀಮೊಗ್ಲೋಬಿನ್ ಆ ಹುಳಿಯಲ್ಲಿ ಕಂದುಗಪ್ಪು ಕಣಗಳಾಗಿ ಸ್ಲೈಡಿನ ತುಂಬ ಕೂರುತ್ತದೆ. ನೋಡುವ ವೈದ್ಯರಿಗೆ ಮಲೇರಿಯಾದ ಕಣಗಳೇನೋ ಎಂಬ ಅನುಮಾನ ಬರುವಷ್ಟು ಹೋಲಿಕೆ. ಇದನ್ನು ತಡೆಯಲು ಲೀಟರಿಗೆ 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ನಿರ್ಜಲ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಸಾಕು. ಖರೀದಿ ಪಟ್ಟಿಯಿಂದ ಬಿಟ್ಟುಹೋಗುವುದು ಇವೇ ಎರಡು ಉಪ್ಪು.

ಇನ್ನು ಬಾಟಲಿ. ತಾಲ್ಲೂಕು ಆಸ್ಪತ್ರೆಗಳಿಂದ ಮಾದರಿಗಳು ಕಿರುಬಾಯಿಯ ಔಷಧಿ ಬಾಟಲಿಗಳಲ್ಲಿ ಬರುವುದುಂಟು. ಹಸಿ ಗಡ್ಡೆಯನ್ನು ಒತ್ತಿ ತುರುಕಬಹುದು. ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ, ಬಾಟಲಿಯನ್ನೇ ಕತ್ತರಿಸಬೇಕು. ತುರುಕಿದ ಬಾಟಲಿಯಲ್ಲಿ ದ್ರಾವಣಕ್ಕೂ ಜಾಗವಿರುವುದಿಲ್ಲ. ತುಣುಕಿನ ಗಾತ್ರದ ಕನಿಷ್ಠ ಹತ್ತು ಪಟ್ಟು ಫಾರ್ಮಲಿನ್ ಬೇಕು, ಇಲ್ಲವಾದರೆ ಹೊರಪದರ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ. ಸ್ತನ ಕ್ಯಾನ್ಸರಿಗೆ ಯಾವ ಚಿಕಿತ್ಸೆ ಎಂದು ತಿಳಿಯಲು ಮಾಡುವ ಈಆರ್, ಪಿಆರ್, ಹರ್2 ಪರೀಕ್ಷೆಗೆ ತುಣುಕು ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇರಬೇಕೆಂಬುದು ಒಪ್ಪಿತ ಮಿತಿ. ಹಾಕಿದ ಸಮಯ ಬರೆಯಲು ಚೀಟಿಯೇ ಇಲ್ಲದ ಡಬ್ಬಿ ಬಂದರೆ ಆ ಲೆಕ್ಕ ಹಾಕುವುದು ಯಾರು?

ತುಣುಕನ್ನು ಆಲ್ಕೊಹಾಲ್ ಜಾಡಿಗಳಲ್ಲಿ ಮುಳುಗಿಸಿ ನೀರು ತೆಗೆಯುವ ಹಂತದ್ದು ಬೇರೆ ಗೋಳು. ಅಬ್ಸಲ್ಯೂಟ್, ಅಂದರೆ ನೀರಿಲ್ಲದ, ಈಥೈಲ್ ಆಲ್ಕೊಹಾಲ್‌ಗೆ ಅಬಕಾರಿ ಕಾಗದಪತ್ರ ಬೇಕಾದ್ದರಿಂದ ಬಹಳಷ್ಟು ಕಡೆ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸುತ್ತಾರೆ, ಅದು ತಪ್ಪಲ್ಲ. ಮುಂದಿನ ಪೂರೈಕೆ ಯಾವಾಗಲೋ ಎಂದು ಹಳೆಯದನ್ನೇ ದಿನಗಟ್ಟಲೆ ಉಳಿಸಿಕೊಳ್ಳುವುದು ತಪ್ಪು. ಕೊನೆಯ ಜಾಡಿಯಲ್ಲಿ ನೀರು ಉಳಿದರೆ ಮುಂದಿನ ಜಾಡಿಯ ಜೈಲೀನ್ (ಆಲ್ಕೊಹಾಲ್ ತೆಗೆದು ಮೇಣಕ್ಕೆ ದಾರಿ ಮಾಡುವ ದ್ರಾವಕ) ಹಾಲಿನಂತೆ ಬೆಳ್ಳಗಾಗುತ್ತದೆ, ಮೇಣ ತುಣುಕಿನ ನಡುವಿನವರೆಗೆ ಇಳಿಯುವುದಿಲ್ಲ, ಕತ್ತರಿಸುವಾಗ ನಡುಭಾಗ ಉದುರಿ ತೂತಾಗುತ್ತದೆ. ಆಲ್ಕೊಹಾಲಿನ ಆ ಕೊನೆಯ ಜಾಡಿಯ ತಳದಲ್ಲಿ ನಿರ್ಜಲ ತಾಮ್ರದ ಸಲ್ಫೇಟ್ ಹರಡಿ ಮೇಲೆ ಫಿಲ್ಟರ್ ಕಾಗದ ಮುಚ್ಚಿಟ್ಟರೆ, ಬಿಳಿ ಪುಡಿ ನೀಲಿಗೆ ತಿರುಗಿದಾಗ ಬದಲಾಯಿಸುವ ಹೊತ್ತು ತಿಳಿಯುತ್ತದೆ. ಈ ಹಳೆಯ ಉಪಾಯಕ್ಕೆ ಹೆಚ್ಚು ಖರ್ಚಿಲ್ಲ.

ತುಣುಕುಗಳನ್ನು ಜಾಡಿಯಿಂದ ಜಾಡಿಗೆ ಸಾಗಿಸುವ ಟಿಶ್ಯೂ ಪ್ರೊಸೆಸರ್ ಯಂತ್ರ ಓಡುವುದು ರಾತ್ರಿ, ಪಕ್ಕದಲ್ಲಿ ಯಾರೂ ಇರುವುದಿಲ್ಲ. ಬುಟ್ಟಿ ಒಂದು ಜಾಡಿಯಿಂದ ಇನ್ನೊಂದಕ್ಕೆ ಏರುವಾಗ ಕರೆಂಟ್ ಹೋದರೆ ತುಣುಕುಗಳು ಗಾಳಿಯಲ್ಲೇ ಒಣಗುತ್ತವೆ. ಯುಪಿಎಸ್ ಕೊಟ್ಟಿದ್ದೇವೆ ಎನ್ನುತ್ತಾರೆ. ಮೋಟಾರಿಗೆ ಲೆಕ್ಕ ಹಾಕಿ ಮೇಣದ ತೊಟ್ಟಿಯ ಹೀಟರನ್ನು ಬಿಟ್ಟಿದ್ದರೆ ಯಂತ್ರ ತಿರುಗುತ್ತದೆ, ಮೇಣ ಮಾತ್ರ ಹೆಪ್ಪುಗಟ್ಟುತ್ತದೆ. ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ ಹೀಟರು, ಥರ್ಮೋಸ್ಟಾಟ್, ಫ್ಯೂಸುಗಳನ್ನು ಹೆಸರಿಸಿಯೇ ಬರೆಯಬೇಕು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಕಡೆ 58–60 ಡಿಗ್ರಿಗೆ ಕರಗುವ ಮೇಣ ಬೇಕು. ಬೇಗ ಕರಗುವ ಅಗ್ಗದ ಮೇಣದ ಬ್ಲಾಕನ್ನು (ತುಣುಕು ಹುದುಗಿಸಿದ ಮೇಣದ ಅಚ್ಚನ್ನು) ಮಂಜುಗಡ್ಡೆಯ ಮೇಲಿಟ್ಟು ತೆಗೆದರೂ ನಾಲ್ಕು ಮೈಕ್ರಾನ್ ಪದರ ಸುಕ್ಕುಗಟ್ಟಿಕೊಂಡೇ ಬರುತ್ತದೆ. ಕರಾವಳಿಯಲ್ಲಿ ಇನ್ನೊಂದು ಬಗೆ: ಮಳೆಗಾಲದ ತೇವಕ್ಕೆ ಕಳಪೆ ಗಾಜಿನ ಸ್ಲೈಡುಗಳು ಪೆಟ್ಟಿಗೆಯಲ್ಲೇ ಒಂದಕ್ಕೊಂದು ಅಂಟಿಕೊಂಡು ಮಬ್ಬಾಗುತ್ತವೆ.

ಬ್ಲಾಕನ್ನು ತೆಳುಪದರವಾಗಿ ಕತ್ತರಿಸುವ ಯಂತ್ರ ಮೈಕ್ರೋಟೋಮ್. ಬಳಸಿ ಬಿಸಾಡುವ ಅದರ ಬ್ಲೇಡಿನಲ್ಲಿ ಎರಡು ಅಳತೆ: ಸುಮಾರು 8 ಮಿ.ಮೀ. ಅಗಲದ ಲೋ ಪ್ರೊಫೈಲ್, 14 ಮಿ.ಮೀ. ಅಗಲದ ಹೈ ಪ್ರೊಫೈಲ್. ಇಂಡೆಂಟಿನಲ್ಲಿ ‘ಮೈಕ್ರೋಟೋಮ್ ಬ್ಲೇಡ್’ ಎಂದಷ್ಟೇ ಇದ್ದು ಹೋಲ್ಡರಿಗೆ ಹೊಂದದ್ದು ಬಂದರೆ 50ರ ಪೆಟ್ಟಿಗೆ ಕಪಾಟು ಸೇರುತ್ತದೆ. ಆಮೇಲೆ ಉಳಿದವನ್ನು ಪಡಿತರದಂತೆ ಹಂಚುವುದು ಶುರು. ಬ್ಲೇಡಿನ ಒಂದು ತುದಿಯಲ್ಲಿ ಬ್ಲಾಕು ಹದಮಾಡಿ, ಹೊಸ ಭಾಗದಲ್ಲಿ ಕೊನೆಯ ಪದರ ತೆಗೆದರೆ ಒಂದಷ್ಟು ಉಳಿತಾಯವಾಗುವುದು ನಿಜ. ಆದರೆ ಮೂಳೆಚೂರೋ ಹೊಲಿಗೆ ಪಿನ್ನೋ ತಗುಲಿ ಅಂಚು ಮುರಿದರೆ ಆ ಭಾಗದಲ್ಲಿ ತೆಗೆದ ಪದರಗಳ ಮೇಲೆಲ್ಲ ಉದ್ದ ಗೀರು ಬೀಳುತ್ತದೆ. ಮಿ.ಮೀ. ಲೆಕ್ಕದ ಎಂಡೋಸ್ಕೋಪಿ ತುಣುಕಿನಲ್ಲಿ ಇದು ಅಕ್ಷಮ್ಯ; ಮತ್ತೆ ಕತ್ತರಿಸಲು ಅಲ್ಲಿ ಅಂಗಾಂಶವೇ ಉಳಿದಿರುವುದಿಲ್ಲ, ರೋಗಿಯನ್ನು ಮತ್ತೆ ಕರೆಸಬೇಕು.

ರಾಜ್ಯದ 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆಯಡಿ ನಡೆಯುವ ಎರಡು ಲಕೋಟೆಯ ಟೆಂಡರಿನಲ್ಲಿ ದರದ ಲಕೋಟೆಗೆ ಮೊದಲು ತೆರೆಯುವುದು ತಾಂತ್ರಿಕ ಲಕೋಟೆ. ಮೇಣದ ಕರಗುವ ಬಿಂದು, ಬ್ಲೇಡಿನ ಅಳತೆ, ಡಬ್ಬಿಯ ಬಾಯಿಯ ಅಗಲ, ಫಾಸ್ಫೇಟ್ ಉಪ್ಪುಗಳ ಪ್ರಮಾಣ ಇವೆಲ್ಲ ಅದರ ಷರತ್ತುಗಳಲ್ಲಿ ಬರಲಿ. ಷರತ್ತು ಬರೆಯುವಾಗ ಮೈಕ್ರೋಟೋಮ್ ಮುಂದೆ ಕೂರುವ ತಂತ್ರಜ್ಞರನ್ನೂ ಕರೆಯಲಿ. ಮಾದರಿ ಮೇಣದಲ್ಲಿ ಬ್ಲಾಕು ಮಾಡಿ, ಮಾದರಿ ಬ್ಲೇಡಿನಲ್ಲಿ ಕತ್ತರಿಸಿ, ಬಣ್ಣ ಹಾಕಿ ನೋಡಿದ ಮೇಲೆಯೇ ದರದ ಲಕೋಟೆ ಒಡೆಯಲಿ.

– ಹಿಸ್ಟೊಪೆಥಾಲಜಿ ತಂತ್ರಜ್ಞರು, ಕಲಬುರಗಿ